ಅಕ್ಕನ ಚಕ್ರಕ್ಕೆ ಭಾವನ ನಟ್ಟು

ನಮ್ಮ ಭಾವನಿಗೆ ಮನುಷ್ಯರ ಮುಖ ನೆನಪಿರುವುದಿಲ್ಲ, ಅವರ ಗಾಡಿಯ ಚಕ್ರ ನೆನಪಿರುತ್ತದೆ! "ಯಾರು, ಹಿಂದಿನ ಚಕ್ರದಲ್ಲಿ ಒಂದು ನಟ್ಟು ಇಲ್ದೇ ಓಡಾಡ್ತಾನಲ್ಲ, ಅವನಾ?" ಎಂದು ನಮ್ಮ ಸ್ವಂತ ಸೋದರಮಾವನ ಬಗ್ಗೆ ವಿಚಾರಿಸುವ ಮಹಾನುಭಾವ. ಮದುವೆಮನೆಯಲ್ಲಿ ಭಾವ ಕಾಣೆಯಾದರೆ ನಾವು ಊಟದ ಹಾಲಿಗೆ ಹೋಗುವುದಿಲ್ಲ, ನೇರ ಪಾರ್ಕಿಂಗಿಗೆ ಹೋಗುತ್ತೇವೆ. ಅಲ್ಲಿ ಯಾರದೋ ಗಾಡಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ರೋಗಿ ಉಳಿಯುವುದು ಕಷ್ಟ ಎನ್ನುವ ಡಾಕ್ಟರರ ಹಾಗೆ ತಲೆಯಾಡಿಸುತ್ತಿರುತ್ತಾರೆ.

ತಪ್ಪು ಅವರದಲ್ಲ ಬಿಡಿ. ಜಿಗಣಿಯ ಕಾರ್ಖಾನೆಯೊಂದರಲ್ಲಿ ಅವರು ಕ್ವಾಲಿಟಿ ಇನ್‌ಸ್ಪೆಕ್ಟರ್. ಅಂದರೆ ಬೆಳಗಿನಿಂದ ಸಂಜೆವರೆಗೆ "ಇದು ಸರಿ ಇಲ್ಲ" ಎನ್ನುವುದಕ್ಕೆ ಸಂಬಳ. ಅದೇ ಸೇವೆಯನ್ನು ಮನೆಮಂದಿಗೆ ಪುಕ್ಕಟೆಯಾಗಿ ಒದಗಿಸುತ್ತಾರೆ! ಅಕ್ಕನನ್ನು ನೋಡಲು ಬಂದ ದಿನವೂ ಅಷ್ಟೆ, ಉಪ್ಪಿಟ್ಟು ಮುಗಿಯುವವರೆಗೂ ಕಿಟಕಿಯಾಚೆ ನಿಂತಿದ್ದ ಟೆಂಪೋದ ಚಕ್ರವನ್ನೇ ನೋಡುತ್ತಿದ್ದರು. "ಹುಡುಗ ಹೆಣ್ಣಿನ ಕಡೆ ಕಣ್ಣೆತ್ತಿಯೂ ನೋಡ್ಲಿಲ್ಲ, ಎಂಥಾ ಸಂಭಾವಿತ!" ಎಂದು ಅಪ್ಪ ಕರಗಿ ನೀರಾಗಿ ಅಂದೇ ಒಪ್ಪಿಬಿಟ್ಟರು.

ಅಕ್ಕ ಬೇರೆ ಜಾತಿಯ ಜೀವಿ. ಮನೆಯಲ್ಲೇ ಅಡುಗೆ ಮಾಡಿಸಿ, ಸುತ್ತಲಿನ ಕಾರ್ಖಾನೆಗಳಿಗೆ ಊಟ ಕಳಿಸುತ್ತಾಳೆ. ಕಳಿಸುವುದೇನು, ಅನ್ನ ಸಾರಿನ ಡಬರಿಗಳನ್ನು ಪಿಕಪ್ ಟ್ರಕ್ಕಿಗೆ ಹೇರಿಕೊಂಡು ತಾನೇ ಓಡಿಸಿಕೊಂಡು ಹೋಗುತ್ತಾಳೆ. ಸಣ್ಣಪುಟ್ಟ ಆರ್ಡರುಗಳಿಗೆ ವರ್ಷಗಟ್ಟಲೆ ಅಲೆದ ಮೇಲೆ, ಅತ್ತಿಬೆಲೆಯ ದೊಡ್ಡ ಕಾರ್ಖಾನೆಯೊಂದು ಮಧ್ಯಾಹ್ನದ ಊಟವನ್ನು ಅವಳಿಗೆ ಒಪ್ಪಿಸಿತು. ದಸರಾ ರಜೆ ಕಳೆದ ಮರುದಿನದಿಂದಲೇ ಶುರು. "ಮೊದಲ್ನೇ ದಿನ ಊಟದ ಸೈರನ್ ಆದ್ಮೇಲೆ ಬಂದ್ರೆ ವಾಪಸ್ ಹೋಗ್ಬಿಡಿ ಮೇಡಂ, ಬೇರೆಯವರು ಕಾಯ್ತಿದಾರೆ" ಎಂದು ಕ್ಯಾಂಟೀನ್ ಮ್ಯಾನೇಜರ್ ಮೊದಲೇ ಆಶೀರ್ವಾದ ಮಾಡಿದ್ದ.

ಆ ಖುಷಿಗೆ ಅಕ್ಕ ಆಯುಧಪೂಜೆಯ ಹಿಂದಿನ ಸಂಜೆ ಟ್ರಕ್ಕಿನ ತುಕ್ಕು ಹಿಡಿದ ಕಬ್ಬಿಣದ ಚಕ್ರಗಳನ್ನು ಟೈರ್ ಅಂಗಡಿಗೇ ಕೊಟ್ಟು, ಫಳಫಳ ಹೊಳೆಯುವ ಅಲಾಯ್ ಚಕ್ರ ಹಾಕಿಸಿಕೊಂಡು ಬಂದಳು. ಗಂಡನನ್ನು ಕೇಳಲಿಲ್ಲ. ಕೇಳಿದ್ದರೆ ಚಕ್ರ ಬರುತ್ತಿತ್ತೇ? ತನಿಖಾ ವರದಿ ಬರುತ್ತಿತ್ತು!

ಆಯುಧಪೂಜೆಯ ದಿನ ನಾನೂ ಹೂಡಿಯ ನನ್ನ ಮನೆಯಿಂದ ಅಕ್ಕನ ಮನೆಗೆ ಹೋಗಿದ್ದೆ. ಮನೆಯ ಸುತ್ತಿಗೆ, ಸ್ಪ್ಯಾನರು, ಈಳಿಗೆಮಣೆ ಎಲ್ಲವೂ ದೇವರ ಮುಂದೆ ಹೂ ಮುಡಿದು ಕೂತಿದ್ದವು. ಭಾವ ಟ್ರಕ್ಕಿನ ಒಂದೊಂದು ನಟ್ಟಿಗೂ ಕುಂಕುಮ ಇಡುತ್ತಾ ಬಂದವರು ಗಕ್ಕನೆ ನಿಂತರು.

"ಲೇ, ಇವು ಹಳೇ ನಟ್ಟು!"

"ಹೂಂ. ಚೆನ್ನಾಗೇ ಇದ್ವಲ್ಲ, ಅಂಗಡಿಯವನು ಅವನ್ನೇ ಹಾಕ್ದ."

"ಕಬ್ಬಿಣದ ಚಕ್ರದ ನಟ್ಟು ಇದಕ್ಕೆ ಹೆಂಗೆ ಕೂರತ್ತೆ? ತಡಿ, ಒಂದ್ ಬಿಚ್ಚಿ ನೋಡ್ತೀನಿ."

"ಪೂಜೆಗಿಟ್ಟಿರೋ ಸ್ಪ್ಯಾನರ್ ಮುಟ್ಟಿ, ನೋಡೋಣ!"

ವರ್ಷಕ್ಕೊಮ್ಮೆ ಆಯುಧಗಳಿಗೆ ರಜೆ. ಅಂದು ಅವನ್ನು ಎತ್ತುವ ಧೈರ್ಯ ನಮ್ಮ ಕಡೆ ಯಾವ ಗಂಡಸಿಗಿದೆ? ಪಕ್ಕದ ಮನೆಗಳಲ್ಲಿ ಕೇಳಿದರು. ಅಲ್ಲಿನ ಸ್ಪ್ಯಾನರುಗಳಿಗೂ ಪೂಜೆ! ಪಾಪ, ಒಬ್ಬಟ್ಟನ್ನು ಮುಟ್ಟದೆ, ಟ್ರಕ್ಕಿನ ಸುತ್ತ ಇಡೀ ದಿನ ಪ್ರದಕ್ಷಿಣೆ ಹಾಕಿದರು. ನೋಡಿದವರು ಭಕ್ತಿ ಎಂದುಕೊಂಡರು.

ವಿಜಯದಶಮಿಯ ಬೆಳಿಗ್ಗೆ ಮಂಗಳಾರತಿಯ ಗಂಟೆ ನಿಲ್ಲುವ ಮೊದಲೇ ಸ್ಪ್ಯಾನರು ಭಾವನ ಕೈಯಲ್ಲಿತ್ತು. ಒಂದು ನಟ್ಟು ಬಿಚ್ಚಿದರು. ಅದರ ಬುಡಕ್ಕೆ ಒದ್ದೆ ಕುಂಕುಮ ಬಳಿದರು, ಮತ್ತೆ ಬಿಗಿದರು, ಮತ್ತೆ ಬಿಚ್ಚಿದರು. "ಬನ್ನಿ, ಇಬ್ರೂ ಬನ್ನಿ" ಎಂದು ನಮ್ಮನ್ನು ಕರೆದರು. ಚಕ್ರದ ತೂತಿನಲ್ಲಿ ಕೂದಲೆಳೆಯಷ್ಟು ತೆಳ್ಳನೆಯ ಕೆಂಪು ಗೆರೆ ಮಾತ್ರ ಮೂಡಿತ್ತು.

"ನೋಡಮ್ಮ, ನಟ್ಟಿನ ಬುಡ ಗುಂಡಗಿದೆ, ತೂತು ಇಳಿಜಾರಾಗಿದೆ. ಸರಿಯಾಗಿ ಕೂತಿದ್ರೆ ಇಳಿಜಾರೆಲ್ಲಾ ಕೆಂಪಾಗ್ಬೇಕಿತ್ತು. ಈಗ ಬಿಗಿಯಾಗಿರೋ ಥರ ನಾಟಕ ಆಡ್ತಿದೆ. ಓಡ್ತಾ ಓಡ್ತಾ ಸಡಿಲ ಆಗತ್ತೆ."

"ಇಷ್ಟು ದಿನ ಕುಂಕುಮಕ್ಕೆ ಇದೊಂದು ಕೆಲಸ ಗೊತ್ತಿರ್ಲಿಲ್ಲ" ಎಂದಳು ಅಕ್ಕ. ಆದರೆ ಮುಖ ಸಪ್ಪಗಾಗಿತ್ತು. ಹಳೇ ಚಕ್ರ ಅಂಗಡಿಯವನ ಪಾಲಾಗಿತ್ತು, ಅಂಗಡಿಗೆ ಬೀಗ. ನಾಳೆ ಟ್ರಕ್ಕು ಹೊರಡದಿದ್ದರೆ ಅತ್ತಿಬೆಲೆಯ ಆರ್ಡರ್ ಕೈಬಿಟ್ಟಂತೆಯೇ.

ಭಾವ ನಟ್ಟನ್ನು ಜೇಬಿಗೆ ಹಾಕಿಕೊಂಡು ಹೊರಟರು. ಆಮೇಲೆ ಅವರೇ ವರ್ಣಿಸಿದಂತೆ, ತೆರೆದಿದ್ದ ಒಂದೊಂದು ಅಂಗಡಿಯಲ್ಲೂ "ನಟ್ ಎಲ್ಲಾ ಒಂದೇ ಸಾರ್, ಹಾಕ್ಕೊಂಡ್ ಹೋಗಿ" ಎಂಬ ಒಂದೇ ಉಪದೇಶ. ಬುಡ ಹೊಂದಿದರೆ ಒಳಗಿನ ಥ್ರೆಡ್ ಹೊಂದದು, ಥ್ರೆಡ್ ಹೊಂದಿದರೆ ಬುಡ ಹೊಂದದು. ತಮ್ಮ ತಂಗಿಗೆ ಗಂಡು ಹುಡುಕುವಾಗಲೂ ಈ ಮನುಷ್ಯ ಇಷ್ಟು ಅಲೆದಿರಲಾರರು! ಬೊಮ್ಮಸಂದ್ರದಲ್ಲಿ ಅಂಗಡಿ ಮುಂದೆ ಬೂದುಗುಂಬಳ ಒಡೆಯುತ್ತಿದ್ದವನನ್ನು ಕಾಡಿ ಬೇಡಿ, ಬುಡ ಇಳಿಜಾರಾಗಿದ್ದ ನಟ್ಟುಗಳನ್ನು ತಂದರು. ಮತ್ತೆ ಕುಂಕುಮ ಪರೀಕ್ಷೆ. ಈ ಸಲ ಇಳಿಜಾರೆಲ್ಲಾ ಕೆಂಪು! ಕುಂಕುಮ ಚೆನ್ನಾಗಿ ಒರೆಸಿ, ಎಲ್ಲವನ್ನೂ ಬಿಗಿದರು.

ಇಲ್ಲಿಗೆ ಮುಗಿಯಿತು ಎಂದುಕೊಂಡಿರಾ? ನಿಮಗೆ ನಮ್ಮ ಭಾವ ಗೊತ್ತಿಲ್ಲ.

"ಸ್ವಲ್ಪ ದೂರ ಓಡಿದ್ಮೇಲೆ ಮತ್ತೊಂದ್ಸಲ ಬಿಗಿ ಮಾಡ್ಬೇಕು. ನಾಳೆ ದಾರೀಲಿ ಚಂದಾಪುರದಲ್ಲಿ ನಿಲ್ಸು."

"ಮೊದಲ್ನೇ ದಿನಾನೇ ರೋಡಲ್ಲಿ ನಿಂತ್ಕೊಳ್ಳಾ? ಸೈರನ್ ಏನ್ ನಿಮ್ಮಪ್ಪ ಹೊಡೀತಾರಾ? ಆಗಲ್ಲಾರೀ!"

ಭಾವ ಸ್ಪ್ಯಾನರನ್ನು ಒರೆಸಿ ಎತ್ತಿಟ್ಟುಕೊಂಡರು. ಮರುದಿನ ನಾವು ಡಬರಿಗಳನ್ನು ಹೇರಿ ಹೊರಡುವಾಗ ಅವರು ಮನೆಯಲ್ಲಿರಲಿಲ್ಲ. ಮುನಿಸಿಕೊಂಡು ಡ್ಯೂಟಿಗೆ ಹೋಗಿರಬೇಕು ಎಂದು ಅಕ್ಕ ಗೊಣಗಿದಳು. ಅನ್ನ ತುಂಬುವುದು ತಡವಾಗಿ, ಸಮಯ ಇಕ್ಕಟ್ಟಾಗಿತ್ತು. ಅವಳ ಕಣ್ಣೆಲ್ಲ ಗಡಿಯಾರದ ಮೇಲೆ.

ಚಂದಾಪುರ ಬಂತು. ರಸ್ತೆ ಬದಿಯಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟ ಒಬ್ಬ ಗೃಹಸ್ಥ, ಕಂಕುಳಲ್ಲಿ ಚಕ್ರದ ಸ್ಪ್ಯಾನರು ಇರುಕಿಕೊಂಡು, ಟ್ರಾಫಿಕ್ ಪೊಲೀಸರ ಹಾಗೆ ಕೈ ಅಡ್ಡ ಹಿಡಿದು ನಿಂತಿದ್ದ. ರಜೆ ಹಾಕಿ, ಬಸ್ ಹತ್ತಿ, ನಮಗಿಂತ ಮೊದಲೇ ಬಂದು ಬಿಸಿಲಲ್ಲಿ ಕಾಯುತ್ತಿದ್ದಾರೆ, ನಮ್ಮ ಭಾವ!

"ಆ ಕಡೆ ನೋಡ್ಬೇಡ ಕಣೇ, ಸುಮ್ನೆ ಹೋಗೋಣ" ಎನ್ನುತ್ತಲೇ ಅಕ್ಕ ಬ್ರೇಕ್ ಒತ್ತಿದಳು. ಭಾವ ಧೂಳಿನಲ್ಲೇ ಮಂಡಿಯೂರಿದರು. ಒಂದೆರಡು ನಟ್ಟು ಕಿರ್ರೆಂದು ಇನ್ನಷ್ಟು ತಿರುಗಿದವು.

"ನನ್ ಡ್ರೈವಿಂಗ್ ಮೇಲೆ ನಂಬಿಕೆ ಇಲ್ವೇನ್ರೀ ನಿಮ್ಗೆ?" ಕಿಟಕಿಯಿಂದ ಬಗ್ಗಿ ಕೇಳಿದಳು ಅಕ್ಕ.

ಭಾವ ತಲೆ ಎತ್ತಲಿಲ್ಲ. "ನಿನ್ನಷ್ಟು ಚೆನ್ನಾಗಿ ಯಾರ್ ಓಡಿಸ್ತಾರೆ? ನನಗಂತೂ ಗಾಡಿ ಓಡ್ಸೋಕೆ ಬರಲ್ಲ. ಈ ಲಾರಿಗಳ ಮಧ್ಯೆ ನೀನೊಬ್ಳೇ ಹೋಗ್ತೀಯ. ಮನೆ ಗೇಟ್ ದಾಟಿದ್ಮೇಲೆ ನಿನಗೋಸ್ಕರ ನಾನ್ ಏನ್ ಮಾಡಕ್ಕಾಗತ್ತೆ ಹೇಳು? ನಟ್ ಬಿಗಿ ಮಾಡೋದೊಂದೇ ನನ್ ಕೈಲಾಗೋದು."

ಗಡಿಯಾರ ನೋಡುತ್ತಲೇ ಬಂದಿದ್ದ ಅಕ್ಕ ಇಂಜಿನ್ ಆಫ್ ಮಾಡಿದಳು. ಕೆಳಗಿಳಿದು, ಸೆರಗಿನಿಂದ ಅವರ ಹಣೆಯ ಬೆವರು ಒರೆಸಿ, "ನಿಧಾನಕ್ಕೆ ಮಾಡ್ರೀ, ನಾಲ್ಕೂ ಚಕ್ರ ನೋಡಿ" ಎಂದಳು.

ನಾನು ಕಿಟಕಿಯ ಕಡೆ ಸರಿದು ಭಾವನಿಗೆ ನಡುವೆ ಜಾಗ ಬಿಟ್ಟೆ. ನಾವು ಕಾರ್ಖಾನೆಯ ಗೇಟಿನೊಳಗೆ ಹೋಗುವುದಕ್ಕೂ ಸೈರನ್ ಕೂಗುವುದಕ್ಕೂ ಸರಿಹೋಯಿತು. ಗೇರು ಬದಲಿಸುವಾಗ ಬಿಟ್ಟರೆ, ದಾರಿಯುದ್ದಕ್ಕೂ ಅಕ್ಕನ ಎಡಗೈ ಭಾವನ ಧೂಳು ಮೆತ್ತಿದ ಕೈಯ ಮೇಲೇ ಇತ್ತು.