ಕೊಲ್ಯಾಪಂಪದ ರಸ್ತೆಯಲ್ಲಿ ವಾಹನಗಳಿಲ್ಲ

ಇಂದ,
ರುಫೀನೊ ತಿಕೋನಾ, ಸಿವಿಲ್ ಪದವೀಧರ,
ವಾಹನ ಎಣಿಕೆದಾರ (ದಿನಗೂಲಿ),
ಕೊಲ್ಯಾಪಂಪ, ಬೊಲಿವಿಯ.

ಗೆ,
ಮುಖ್ಯ ಎಂಜಿನಿಯರ್, ಹೆದ್ದಾರಿ ಕಚೇರಿ.

ವಿಷಯ: ಸಂತೆಯೆದುರಿನ ಸಿಗ್ನಲ್ ದೀಪ ನಿರಾಕರಿಸಿದ್ದನ್ನು ಮರುಪರಿಶೀಲಿಸುವ ಬಗ್ಗೆ.

ಉಲ್ಲೇಖ: “ಸದರಿ ರಸ್ತೆಯಲ್ಲಿ ಸಾಕಷ್ಟು ವಾಹನಗಳಿಲ್ಲ” ಎಂಬ ತಮ್ಮ ಪತ್ರ.

ಮಾನ್ಯರೇ,

1. ಆಲೂಗಡ್ಡೆ ಮಾರುವ ದೋನ್ಯಾ ಸತುರ್ನಿನಾ ರಸ್ತೆ ದಾಟುವಾಗ ಲಾರಿ ಬಡಿದು ಅವರ ಕಾಲು ಮುರಿಯಿತು. ಕಾರಣ, ಊರವರು ಸಿಗ್ನಲ್ ಕೇಳಿದರು. ದಿನಕ್ಕೆ ಸರಾಸರಿ ಮೂರು ಸಾವಿರ ವಾಹನ ದಾಟಿದರೆ ಮಾತ್ರ ಸಿಗ್ನಲ್ ಎಂದು ತಾವು ನನ್ನನ್ನು ಏಳು ದಿನದ ಎಣಿಕೆಗೆ ಕೂರಿಸಿದಿರಿ.

2. ಮೊದಲೆರಡು ದಿನ ನನ್ನ ಸೀಮೆಸುಣ್ಣದ ಗೆರೆ ದಾಟಿದ ವಾಹನಗಳು 10,500. ಎಣಿಸುತ್ತ ಕೂತರೆ ದೀಪ ಹತ್ತೀತೇ ಎಂದು ಮೂರನೆಯ ದಿನ ಊರವರು ವಾಡಿಕೆಯಂತೆ ರಸ್ತೆಗೆ ಕಲ್ಲು ಹಾಕಿ ಕುಳಿತರು. ಮನೆಗೊಬ್ಬರಂತೆ ಪಾಳಿ. ನಮ್ಮ ಮನೆಯ ಪಾಳಿ ಬಂದಾಗ ನಾನೂ ನಾಲ್ಕು ಕಲ್ಲು ಹೊತ್ತುಹಾಕಿ, ಕೈ ಒರೆಸಿಕೊಂಡು ಬಂದು, ಸೊನ್ನೆ ಬರೆದೆ.

3. ಐದು ದಿನ ಗೆರೆಯ ಆಚೆ ನಾಲ್ಕು ಕಿಲೋಮೀಟರು ಲಾರಿಗಳು ನಿಂತಿದ್ದವು. ಸಾಂದ್ರತೆ ಪೂರ್ತಿ, ವೇಗ ಸೊನ್ನೆ. ಆದ್ದರಿಂದ ಗೆರೆ ದಾಟುವ ಹರಿವೂ ಸೊನ್ನೆ. ಖಾಲಿ ರಸ್ತೆಗೂ ಕಿಕ್ಕಿರಿದ ರಸ್ತೆಗೂ ಒಂದೇ ಸೊನ್ನೆ. ಎಂಜಿನುಗಳೆಲ್ಲ ಆರಿದ ಮೇಲಿನ ಆ ಮೌನಕ್ಕೆ ನಮೂನೆಯಲ್ಲಿ ಕಾಲಂ ಇರಲಿಲ್ಲ.

4. ಊರುಗೋಲೂರಿ ಬಂದ ದೋನ್ಯಾ ಸತುರ್ನಿನಾ ನನ್ನ ಹಾಳೆಗೆ ಇಣುಕಿದರು.

“ಏನಪ್ಪಾ ಇಂಜಿನಿಯರು, ಕಣ್ಣೆದುರಿಗೆ ಇಷ್ಟು ಲಾರಿ ನಿಂತಿದಾವೆ, ಸೊನ್ನೆ ಸುತ್ತುತಾ ಇದೀಯಲ್ಲೋ?”

“ಗೆರೆ ದಾಟಿದ್ರೆ ಮಾತ್ರ ಲೆಕ್ಕ, ದೋನ್ಯಾ.”

“ಆವತ್ತು ಲಾರಿ ನನ್ನ ಕಾಲು ದಾಟ್ಕೊಂಡು ಹೋಯ್ತಲ್ಲ, ಅದನ್ನಾದ್ರೂ ಬರ್ಕೊ!”

ಕಾರಣ, ತಮ್ಮ ಸಹಾಯಕರಿಗೆ ಫೋನು ಮಾಡಿ ವಿಚಾರಿಸಿದೆ. “ಕಾಲಂ ತುಂಬ್ಸೋದು ನಿನ್ ಕೆಲ್ಸ ಕಣಯ್ಯ, ಯೋಚ್ನೆ ಮಾಡೋದಲ್ಲ” ಎಂದು ಆದೇಶವಾಯಿತು. ತುಂಬಿಸಿದೆ.

5. ಏಳು ದಿನದ ಸರಾಸರಿ 1,500 ಬಂತು. ಹೀಗೆ, ಸಿಗ್ನಲ್ ಬೇಕೆಂದು ರಸ್ತೆ ತಡೆದ ಕಾರಣಕ್ಕೇ ಸಿಗ್ನಲ್ ತಪ್ಪಿತು. ಕಲ್ಲು ತೆಗೆದ ಗಳಿಗೆಯಿಂದ ಲಾರಿಗಳು ಮೊದಲಿನಂತೆಯೇ ಓಡುತ್ತಿವೆ. ಮೂಟೆ ಹೊತ್ತ ಹೆಂಗಸರು ಮೊದಲಿನಂತೆಯೇ ಅವುಗಳ ನಡುವೆ ನುಸುಳುತ್ತಿದ್ದಾರೆ.

ಆದ್ದರಿಂದ, ರಸ್ತೆಯಲ್ಲಿ ಕಲ್ಲಿಲ್ಲದ ಏಳು ದಿನ ಮರು ಎಣಿಕೆಗೆ ಅಪ್ಪಣೆ ಕೊಡಬೇಕಾಗಿ ಕೋರುತ್ತೇನೆ.

ತಮ್ಮ ನಿಯಮಗಳ ವಿಶ್ವಾಸಿ,
ರುಫೀನೊ ತಿಕೋನಾ

ಲಗತ್ತುಗಳು:
ಅ. ಎಣಿಕೆ ಹಾಳೆಗಳು ಏಳು (ಐದರಲ್ಲಿ ಸೊನ್ನೆ).
ಆ. ದೋನ್ಯಾ ಸತುರ್ನಿನಾರ ಕಾಲಿನ ಎಕ್ಸರೆ.

ವಿ.ಸೂ.: ಮರು ಎಣಿಕೆ ನಿಯಮಬಾಹಿರವಾದಲ್ಲಿ, ತಾವು ಸಂತೆಯ ದಿನ ಬೆಳಿಗ್ಗೆ ಎಂಟಕ್ಕೆ ಖುದ್ದಾಗಿ ಬಂದು ಈ ರಸ್ತೆಯನ್ನು ಕಾಲ್ನಡಿಗೆಯಲ್ಲಿ ದಾಟಿ ತೋರಿಸಬೇಕು. ವಾಹನಗಳಿಲ್ಲವೆಂದು ತಾವೇ ಸಹಿ ಮಾಡಿರುವುದರಿಂದ, ಎಡಬಲ ನೋಡುವ ಅಗತ್ಯವಿರುವುದಿಲ್ಲ.