ನ್ಗಾರಾದ ಪೊದೆಸ್ತಾ

ಜಗಳ ಹುಟ್ಟಿದ್ದು ಅನ್ನದಿಂದ. ನೈರೋಬಿ ಕನ್ನಡ ಸಂಘದ ಯುಗಾದಿ ಊಟಕ್ಕೆ ಬಿಳಿ ಸಣ್ಣಕ್ಕಿಯೇ ಆಗಬೇಕೆಂದು ಮೈಸೂರಿನ ಕಮಲಾಕ್ಷಿ, ಕೆಂಪು ಕುಚ್ಚಲಕ್ಕಿಯೇ ಆಗಬೇಕೆಂದು ಮಂಗಳೂರಿನ ಫಿಲೋಮಿನಾ. ಇಬ್ಬರೂ ಹಟ ಹಿಡಿದರು, ಸಂಘ ಎರಡು ಹೋಳಾಯಿತು.

ನಡುವೆ ಸಿಕ್ಕಿಕೊಂಡವರು ನರಸಿಂಹ ಮೇಷ್ಟ್ರು. ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತಿದ್ದ ಅವರಿಗೆ ಇಟಲಿಯ ಹಳೆಯ ನಗರರಾಜ್ಯಗಳೆಂದರೆ ಪ್ರಾಣ. ಆದರೆ ಮನೆಯಲ್ಲಿ ಒಲೆ ಹಚ್ಚಲು ಬಾರದ ಬ್ರಹ್ಮಚಾರಿ. ಒಂದು ಭಾನುವಾರ ಹರ್ಲಿಂಗ್‌ಹ್ಯಾಮ್ ಬಡಾವಣೆಯಲ್ಲಿ ಕಮಲಾಕ್ಷಿಯವರ ಮನೆಯ ಬಿಸಿಬೇಳೆಬಾತು, ಮರು ಭಾನುವಾರ ನ್ಗಾರಾ ಬಡಾವಣೆಯಲ್ಲಿ ಫಿಲೋಮಿನಾರ ಮನೆಯ ಮೀನು ಸಾರು. ಅವರ ಜೀವನದ ಸುಖವೆಲ್ಲ ಅಷ್ಟೇ. ಯುಗಾದಿಯ ಬೆಳಿಗ್ಗೆ ಇಬ್ಬರೂ ಫೋನು ಮಾಡಿ ಒಂದೇ ಮಾತು ಹೇಳಿದರು: ಇವತ್ತು ಅವರ ಅನ್ನ ಉಂಡರೆ ಇನ್ನು ನಮ್ಮ ಹೊಸಿಲು ತುಳಿಯಬೇಡಿ.

ಮೇಷ್ಟ್ರು ಕಿಕ್ಕಿರಿದ ಬಾಡಿಗೆ ವ್ಯಾನು ಮಟಾಟುವಿನಲ್ಲಿ ನೇತಾಡಿಕೊಂಡು ನ್ಗಾರಾದ ಸಭಾಂಗಣಕ್ಕೆ ಬಂದರೆ, ಎರಡು ಪಾತ್ರೆ ಅನ್ನ, ಎರಡರ ಮುಚ್ಚಳದ ಮೇಲೂ ಒಬ್ಬೊಬ್ಬರ ಕೈ. ಜನ ಹಸಿದು ಕೂತಿದ್ದರು.

"ನೋಡ್ರೀ," ಎಂದರು ಮೇಷ್ಟ್ರು. "ಇಟಲಿ ಊರುಗಳಾಗೂ ಹಿಂಗ ಬಣ ಕಟ್ಟಿ ಬಡಿದಾಡ್ತಿದ್ರು. ಕಡೀಕ ಹೊರಗಿನ ಊರಾಂವ ಒಬ್ಬನ್ನ ಕರಕೊಂಡು ಬಂದು ಒಂದು ವರ್ಷ ಅಧಿಕಾರ ಕೊಟ್ರು. ಅವಗ ಪೊದೆಸ್ತಾ ಅಂತಿದ್ರು. ಅವ ಹೇಳಿದ್ದೇ ನ್ಯಾಯ."

ಇಲ್ಲಿಗೆ ನಿಲ್ಲಿಸಿದ್ದರೆ ಬಚಾವಾಗುತ್ತಿದ್ದರು. ಆದರೆ ಪಾಠ ಅರ್ಧಕ್ಕೆ ಬಿಟ್ಟ ಮೇಷ್ಟ್ರು ಎಲ್ಲಾದರೂ ಉಂಟೇ?

"ಅವ ಆ ಊರಾಗ ಯಾರ ಅನ್ನಾನೂ ಉಣ್ಣಂಗಿಲ್ಲ. ಉಂಡ್ರ ಉಂಡ ಮನಿ ಕಡಿ ವಾಲ್ತಾನಲ್ರೀ!"

"ಈಗ ಹೊರಗಿನೋರನ್ನ ಎಲ್ಲಿಂದ ತರೋದು?" ಎಂದರು ಕಮಲಾಕ್ಷಿ.

ಫಿಲೋಮಿನಾ ಮೇಷ್ಟ್ರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಇವರು ರಾಯಚೂರಿನವರಲ್ವಾ ಮಾರಾಯ್ರೆ? ಜೋಳದ ರೊಟ್ಟಿಯವರು. ಇವರಿಗೆ ಆ ಅಕ್ಕಿಯೂ ಇಲ್ಲ, ಈ ಅಕ್ಕಿಯೂ ಇಲ್ಲ."

ಚಪ್ಪಾಳೆ ಬಿತ್ತು. ಮೇಷ್ಟ್ರು ಬೇಡವೆನ್ನುವಷ್ಟರಲ್ಲಿ ಕೊರಳಿಗೆ ಹಾರವೂ ಬಿತ್ತು. ಹಾರ ಬಿದ್ದ ಮೇಲೆ ಅವರಿಗೂ ಒಂದಿಷ್ಟು ಅಮಲೇರಿತು. "ಎರಡೂ ಮುಚ್ಚಳ ತೆಗೀರಿ!" ಎಂದು ಆಜ್ಞೆ ಮಾಡಿದರು. ತೆಗೆದರು. ಕಮಲಾಕ್ಷಿ ಕೆಂಪನ್ನದ ರುಚಿ ನೋಡಿದರು, ಫಿಲೋಮಿನಾ ಬಿಳಿಯದು ನೋಡಿದರು, ಇಬ್ಬರೂ ನಕ್ಕರು. ಮೇಷ್ಟ್ರಿಗೆ ಸಂತೋಷದಿಂದ ಕಣ್ಣು ತುಂಬಿ ಬಂತು. ಎರಡು ಮನೆಯ ಊಟವೂ ಉಳಿಯಿತಲ್ಲ ಎಂದು ತಟ್ಟೆಯ ಮುಂದೆ ಕೂತರು.

ಕಮಲಾಕ್ಷಿ ತಟ್ಟೆ ಎಳೆದುಕೊಂಡರು. "ಅಯ್ಯೋ, ನೀವು ಉಣ್ಣೋ ಹಾಗಿಲ್ವಲ್ಲ ಮೇಷ್ಟ್ರೇ!"

"ಹೌದು, ಒಂದು ವರ್ಷ," ಎಂದು ಫಿಲೋಮಿನಾ ಲೋಟವನ್ನೂ ಎತ್ತಿದರು. "ಯಾರ ಮನೆಯಲ್ಲಿಯೂ ಇಲ್ಲ."

"ಹಂಗಾರ ನಾ ರಾಜೀನಾಮೆ ಕೊಡ್ತೀನ್ರೀ! ಈಗಿಂದೀಗ!"

ಎರಡು ಮುಚ್ಚಳವೂ ಠಣ್ಣೆಂದು ಮುಚ್ಚಿಕೊಂಡವು. ಎರಡು ಬಣಗಳೂ ಅವರತ್ತ ತಿರುಗಿದವು.

"ಧಾರಾಳವಾಗಿ ಕೊಡಿ," ಎಂದರು ಕಮಲಾಕ್ಷಿ. "ಬರೋ ಭಾನುವಾರ ಊಟ ಯಾರ ಮನೇಲಿ, ಅದೊಂದು ಹೇಳ್ಬಿಡಿ."

ಮೇಷ್ಟ್ರು ಈ ಮುಖ ನೋಡಿದರು, ಆ ಮುಖ ನೋಡಿದರು. ಆಮೇಲೆ ಕೊರಳಿನ ಹಾರ ಸರಿಮಾಡಿಕೊಂಡು, "ಬಡಸ್ರೀ, ಎಲ್ಲಾರಿಗೂ ಬಡಸ್ರೀ," ಎಂದರು.