ನಲವತ್ತನಾಲ್ಕನೇ ಹಲ್ಲು

ಯಮನಪ್ಪನ ಲ್ಯಾಪ್‌ಟಾಪು ಬೆಳಿಗ್ಗೆ ಹಳೇ ಗಿರಣಿಯಂತೆ ಕಟಕಟ ಎಂದು ಸುಮ್ಮನಾಯಿತು. ಹಾರ್ಡ್ ಡಿಸ್ಕು ಸತ್ತಿತ್ತು. ಯಾರೋ ಬಳಸಿ ಮಾರಿದ್ದು, ಆರು ವರ್ಷ ಹಳೆಯದು; ಸಾಯುವ ಹಕ್ಕು ಅದಕ್ಕಿತ್ತು. ಆದರೆ ಮರುದಿನ ಹತ್ತು ಗಂಟೆಗೆ ಬೈಲಹೊಂಗಲದ ಅವನ ಕಾಲೇಜಿಗೆ ತಪಾಸಣೆಯವರು ಬರುವವರಿದ್ದರು. ಅವರೆದುರು ಪರದೆಯ ಮೇಲೆ ಪಾಠ ತೋರಿಸಿದರೆ ನೌಕರಿ ಕಾಯಂ ಆದೀತು ಎಂದಿದ್ದರು ಪ್ರಿನ್ಸಿಪಾಲರು. ಪಾಠ ಪೆನ್‌ಡ್ರೈವಿನಲ್ಲಿ ಕ್ಷೇಮವಾಗಿತ್ತು. ಓಡಿಸಲು ಇಡೀ ಕಾಲೇಜಿನಲ್ಲಿ ಇದ್ದದ್ದು ಇದೊಂದೇ ಲ್ಯಾಪ್‌ಟಾಪು.

ಸತ್ತ ಡಿಸ್ಕನ್ನು ಕಾಗದದಲ್ಲಿ ಸುತ್ತಿಕೊಂಡು ಹೊರಟವನನ್ನು ಪಕ್ಕದ ಮನೆಯ ಶಂಕ್ರೆಪ್ಪ ಕಟ್ಟೆಯ ಮೇಲಿಂದಲೇ ತಡೆದ. ನಲವತ್ತು ವರ್ಷ ದನದ ಸಂತೆಯಲ್ಲಿ ದಲಾಲಿ ಮಾಡಿದ ಹಿರಿಯ. ಓಣಿಯ ಯಾರನ್ನೂ ಒಬ್ಬರೇ ವ್ಯಾಪಾರಕ್ಕೆ ಹೋಗಗೊಟ್ಟವನಲ್ಲ.

"ಹಳೇದನ್ನ ಮನ್ಯಾಗ ಇಟ್ಟು ಬರ್ರಿ ಮಾಸ್ತರ. ಜೋಡೆತ್ತಿನಾಗ ಒಂದು ಸತ್ತೈತಿ ಅಂತ ಗೊತ್ತಾದ್ರ ರೇಟ್ ಏರಸ್ತಾರ."

ಹಳೆಯದನ್ನು ತೋರಿಸದಿದ್ದರೆ ಅದಕ್ಕೆ ಸರಿಹೊಂದುವುದು ಸಿಗದೆಂದು ಯಮನಪ್ಪನಿಗೆ ಗೊತ್ತಿತ್ತು. ಗೊತ್ತಿದ್ದದ್ದನ್ನು ಹೇಳುವ ಅಭ್ಯಾಸ ಮಾತ್ರ ಇರಲಿಲ್ಲ. ಇಟ್ಟು ಬಂದ.

ಬಜಾರಿನಲ್ಲಿ ಸಂಜುವಿನ ಕಂಪ್ಯೂಟರ್ ಅಂಗಡಿ. ಹಳೆಯದನ್ನು ತಂದಿದ್ದೀರೇನು ಎಂದು ಸಂಜು ಕೇಳಿದರೆ, ಸತ್ತದ್ದರ ಮಾತು ಬಿಟ್ಟು ಮಾಲು ತೋರಿಸು ಎಂದ ಶಂಕ್ರೆಪ್ಪ. ಸಂಜು ಎರಡು ಇಟ್ಟ. ಒಂದರ ತುದಿಯಲ್ಲಿ ಎರಡು ಸಾಲು ಸಣ್ಣ ಮುಳ್ಳು. ಇನ್ನೊಂದರ ತುದಿ ನುಣುಪು. ಶಂಕ್ರೆಪ್ಪ ಮೊದಲನೆಯದನ್ನು ಬೆಳಕಿಗೆ ಹಿಡಿದು, ಎತ್ತಿನ ತುಟಿ ಎತ್ತಿ ನೋಡುವವನಂತೆ ಉಗುರಿನಿಂದ ಎಣಿಸಿದ.

"ನಲವತ್ಮೂರು. ನಡುವ ಒಂದು ಹಲ್ಲು ಹೋಗೇತಿ. ಇದು ಬ್ಯಾಡ. ಆ ಇನ್ನೊಂದಕ್ಕ ಇನ್ನೂ ಹಲ್ಲ ಬಂದಿಲ್ಲ, ಹರೇದ ಮಾಲು. ಹತ್ತು ವರ್ಷ ದುಡೀತೈತಿ."

ಸತ್ತ ಡಿಸ್ಕಿಗೂ ಇಂಥ ಮುಳ್ಳುಗಳಿದ್ದ ನೆನಪು ಯಮನಪ್ಪನ ನಾಲಿಗೆಯ ತುದಿಗೆ ಬಂತು. ಹಿರಿಯರ ಮಾತಿನ ನಡುವೆ ಜಾಗ ಸಿಗದೆ ಬಂದ ದಾರಿಯಲ್ಲೇ ಹಿಂದಿರುಗಿತು.

ಮನೆಗೆ ತಂದ ನುಣುಪು ಡಿಸ್ಕು ಎಮ್ಮೆಗೆ ಕುದುರೆಯ ಜೀನು ಹಾಕಿದಂತೆ ಎಲ್ಲಿಯೂ ಕೂಡಲಿಲ್ಲ. ಈ ಸಲ ಯಮನಪ್ಪ ಹಿತ್ತಿಲ ಬಾಗಿಲಿನಿಂದ ಹೊರಬಿದ್ದು, ಹಳೆಯದನ್ನೂ ಒಯ್ದು ಸಂಜುವಿಗೆ ತೋರಿಸಿದ. ಸಂಜು ನಕ್ಕು ಮುಳ್ಳಿನದನ್ನು ಬದಲಿಸಿ ಕೊಟ್ಟ. ನಡುವಿನ ಮುಳ್ಳು ಮುರಿದದ್ದಲ್ಲ, ಕಾರ್ಖಾನೆಯವರೇ ಬಿಟ್ಟದ್ದು; ತಿರುವುಮುರುವಾಗಿ ಕೂರಿಸಬಾರದೆಂದು ಲ್ಯಾಪ್‌ಟಾಪಿನಲ್ಲೂ ಅಲ್ಲಿ ತೂತು ಮುಚ್ಚಿರುತ್ತದೆ ಎಂದ. "ಜೋಪಾನ ಸರ್. ಈ ಜಾತೀದು ಊರಾಗ ಇದೊಂದ ಉಳದಿತ್ತು."

ಮನೆಗೆ ಬಂದರೆ ಕರೆಂಟಿಲ್ಲ, ಸಂಜೆಯೇ ಬರುವುದು. ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ಎರಡು ವರ್ಷವಾಗಿತ್ತು. ಎರಡೂ ಡಿಸ್ಕನ್ನು ಮೇಜಿನ ಮೇಲಿಟ್ಟು, ಪರದೆ ಕಟ್ಟಿಸಲು ಕಾಲೇಜಿಗೆ ಹೊರಟ. ಡಿಸ್ಕು ಕೂತಿತೇ ಎಂದು ಬಾಗಿಲಲ್ಲಿ ಶಂಕ್ರೆಪ್ಪ ಕೇಳಿದ.

"ಅದು ಕೂಡಲಿಲ್ಲ ಕಾಕಾ. ಮೊದಲ ನೋಡಿದ್ದನ್ನ ತಂದ್ನಿ," ಎಂದ ಯಮನಪ್ಪ. ಯಾಕೆಂದು ಬಿಡಿಸಿ ಹೇಳಿದರೆ ಹಿರಿಯನ ಮನಸ್ಸಿಗೆ ನೋವಾದೀತೆಂದು ಅಷ್ಟಕ್ಕೇ ನಿಲ್ಲಿಸಿ, ಎಂದಿನಂತೆ ಮನೆಯ ಕೀಲಿಯನ್ನು ಅವನ ಕೈಗಿತ್ತ. ಶಂಕ್ರೆಪ್ಪನ ಮುಖ ಸಣ್ಣದಾಯಿತು. ತನ್ನ ಓಣಿಯ ಮಾಸ್ತರ ಹಲ್ಲು ಮುರಿದ ಮಾಲಿಗೆ ಒಪ್ಪಿಕೊಂಡಿದ್ದ.

ಸಂಜೆ ಕರೆಂಟಿನ ಜೊತೆಗೇ ಯಮನಪ್ಪ ಮನೆಗೆ ಬಂದ. ಕಟ್ಟೆಯ ಮೇಲೆ ಶಂಕ್ರೆಪ್ಪ ಕೂತಿದ್ದ. ಪಕ್ಕದಲ್ಲಿ ರೇಡಿಯೋ ರಿಪೇರಿಯ ಮಹಮ್ಮದಗೌಸ, ಕೈಯಲ್ಲಿ ಇದ್ದಿಲಿನ ಮೇಲೆ ಕಾಯಿಸುವ ಬೆಸುಗೆಯ ಸಾಮಾನು. ಇಬ್ಬರ ನಡುವೆ, ಯಮನಪ್ಪ ಮೇಜಿನ ಮೇಲಿಟ್ಟು ಹೋಗಿದ್ದ ಹೊಸ ಡಿಸ್ಕು.

"ಎಣಿಸಿ ನೋಡ್ರಿ ಮಾಸ್ತರ," ಎಂದ ಶಂಕ್ರೆಪ್ಪ. "ನಲವತ್ನಾಲ್ಕು."

ಸಾಲಿನ ನಡುವೆ ಹೊಸ ಹಲ್ಲೊಂದು, ಅಕ್ಕಪಕ್ಕದ ನಾಲ್ಕನ್ನೂ ಅಪ್ಪಿಕೊಂಡು, ಬೆಳ್ಳಿಯಂತೆ ಹೊಳೆಯುತ್ತಿತ್ತು.

"ಸೂಜಿ ತುಂಡು ಹಾಕಿ ಬೆಸುಗಿ ಹಚ್ಚೇನಿ," ಎಂದ ಗೌಸ. "ಕಿತ್ರ ಸಾಲ ಪೂರಾ ಬರತೈತಿ, ಇದೊಂದ ಬರೂದಿಲ್ಲ."

ಮುಚ್ಚಿದ ತೂತಿಗೆ ಎದುರಾಗಬೇಕಿದ್ದ ಆ ಹಲ್ಲನ್ನು ಯಮನಪ್ಪ ಬೆರಳಿನಿಂದ ಅಲುಗಿಸಿ ನೋಡಿದ. ಮೆಚ್ಚಿ ಸವರುತ್ತಿದ್ದಾನೆಂದು ತಿಳಿದ ಶಂಕ್ರೆಪ್ಪ ಹತ್ತಿರ ಸರಿದ.

"ಸತ್ತದ್ದರ ಬಾಯೀನೂ ನೋಡಿದ್ನಿ ಮಾಸ್ತರ. ಅದಕ್ಕೂ ಅದ ಹಲ್ಲ ಇರಲಿಲ್ಲ. ಯಾಕ ಸತ್ತಿತು ಅನ್ನೂದು ಆವಾಗ ತಿಳೀತು."